ಭೂತಗನ್ನಡಿಯೂ ಬೂದುಬೆಕ್ಕೂ

ನಮ್ಮ ಸಾಲುಮನೆಗಳಲ್ಲಿ ಅವಳನ್ನು ಹೆಸರು ಹಿಡಿದು ಕರೆದವರು ಕಡಿಮೆ. ಬಟ್ಟೆ ಗಿರಣಿಯಲ್ಲಿ ಅಂಟಿಕೊಂಡ ಭೂತಗನ್ನಡಿ ಎಂಬ ಅಡ್ಡಹೆಸರು ಗಿರಣಿಗೆ ಬೀಗ ಬಿದ್ದ ಮೇಲೂ ಬಿಡಲಿಲ್ಲ. ಹಾಲಿನವನು ಕೂಡ, "ಭೂತಗನ್ನಡಿ ಅಕ್ಕಾ, ಪಾತ್ರೆ ತನ್ನಿ" ಎಂದೇ ಕೂಗುತ್ತಿದ್ದ. ಅವಳು ಅದಕ್ಕೆ ಮುಖ ಗಂಟು ಹಾಕಿಕೊಂಡವಳಲ್ಲ. ಒಳಗೊಳಗೇ ಹಿಗ್ಗುತ್ತಿದ್ದಳು. ಪಕ್ಕದ ಮನೆಯಲ್ಲಿ, ಒಂದೇ ಗೋಡೆಯ ಈಚೆ, ಮೂವತ್ತು ವರ್ಷ ಬಾಳಿದ ನನಗೆ ಅಷ್ಟೂ ಗೊತ್ತಾಗದಿದ್ದರೆ ಹೇಗೆ? ನಾನು ಅದೇ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವನು. ಅವಳು ನನ್ನನ್ನು ಅಣ್ಣ ಎನ್ನುತ್ತಿದ್ದಳು. ಒಡಹುಟ್ಟಿದವಳಲ್ಲದಿದ್ದರೂ ನನಗೆ ಅವಳು ತಂಗಿಯೇ.

ಅವಳ ಕೆಲಸ ಬಟ್ಟೆ ನೋಡುವುದು. ಕೇಳುವುದಕ್ಕೆ ಏನೂ ಅಲ್ಲ ಅನ್ನಿಸುತ್ತದೆ. ಮಗ್ಗದಿಂದ ಇಳಿದ ನೂರು ಮೀಟರಿನ ಸುರುಳಿ ನೋಡುವ ಕೋಣೆಗೆ ಬರುತ್ತಿತ್ತು. ಅಲ್ಲಿ ಉದ್ದನೆಯ ಗಾಜಿನ ಮೇಜು, ಗಾಜಿನ ಕೆಳಗೆ ಬಿಳಿ ದೀಪ. ಬಟ್ಟೆ ಆ ಬೆಳಕಿನ ಮೇಲೆ ಮೆಲ್ಲಗೆ ಹರಿದು ಹೋಗುತ್ತಿದ್ದರೆ ಇವಳು ಕಣ್ಣು ಮಿಟುಕಿಸದೆ ಕೂತಿರಬೇಕು. ಎಲ್ಲೋ ಒಂದು ಎಳೆ ಕಡಿದಿರುತ್ತದೆ, ಎಲ್ಲೋ ಒಂದು ಗಂಟು, ಎಲ್ಲೋ ಎಣ್ಣೆಯ ಚುಕ್ಕೆ. ಕಂಡ ತಕ್ಷಣ ಕಾಲಲ್ಲಿ ಪೆಡಲು ಒತ್ತಿ ಬಟ್ಟೆ ನಿಲ್ಲಿಸಿ, ಅಂಚಿಗೆ ಕೆಂಪು ದಾರ ಕಟ್ಟಬೇಕು. ಹೊಸದಾಗಿ ಬಂದವರಿಗೆ ಒಂದು ಗಂಟೆಯಲ್ಲಿ ಕಣ್ಣು ಮಂಜಾಗಿ, ಎದುರಿಗಿರುವ ಬಟ್ಟೆ ಮೋಡದ ಹಾಗೆ ಕಾಣುತ್ತಿತ್ತು. ಇವಳು ಎಂಟು ಗಂಟೆ ಕೂತು ಎದ್ದು, ಮನೆಗೆ ಬಂದು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಕೂತವರು ನಿಜವಾಗಿ ನೋಡುತ್ತಿದ್ದಾರೋ ಕಣ್ಣು ಬಿಟ್ಟುಕೊಂಡೇ ನಿದ್ದೆ ಹೊಡೆಯುತ್ತಿದ್ದಾರೋ ಎಂದು ತಿಳಿಯಲು ಗಿರಣಿಯಲ್ಲಿ ಒಂದು ಪದ್ಧತಿ ಇತ್ತು. ಆ ಕೋಣೆಯ ಮೇಸ್ತ್ರಿ ಯಾರಿಗೂ ಕಾಣದಂತೆ ಯಾವುದಾದರೊಂದು ಸುರುಳಿ ಬಿಚ್ಚಿ, ಬ್ಲೇಡಿನಿಂದ ಒಂದೇ ಒಂದು ಎಳೆ ಕತ್ತರಿಸಿ, ಬೆರಳುದ್ದ ಎಳೆದು ತೆಗೆದು, ಮತ್ತೆ ಸುತ್ತಿಡುತ್ತಿದ್ದ. ಅದಕ್ಕೆ ನಾವು ಕಳ್ಳ ಎಳೆ ಅನ್ನುತ್ತಿದ್ದೆವು. ಅದನ್ನು ಹಿಡಿಯದೆ ಬಿಟ್ಟವರ ಹೆಸರನ್ನು ವಾರದ ಕೊನೆಗೆ ಊಟದ ಕೋಣೆಯಲ್ಲಿ, ಎಲ್ಲರ ಬಾಯಲ್ಲಿ ತುತ್ತಿರುವಾಗ, ಗಟ್ಟಿಯಾಗಿ ಓದುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಅವಳ ಹೆಸರನ್ನು ಒಂದು ಸಲವೂ ಓದಲಿಲ್ಲ.

ಸೇರಿದ ಎರಡನೇ ವರ್ಷ ಒಬ್ಬ ಹೊಸ ಮೇಸ್ತ್ರಿ ಬಂದ. ಹುರಿಮಾಡಿದ ಮೀಸೆ, ಕಿಸೆಯಲ್ಲಿ ಯಾವಾಗಲೂ ಬ್ಲೇಡು. ಅವನು ಬಿಳಿ ಬಟ್ಟೆಯಲ್ಲಿ ಅಂಚಿನ ಪಕ್ಕದ ಎರಡನೇ ಎಳೆ ತೆಗೆದಿಟ್ಟ. ಅಲ್ಲಿ ಬೆಳಕು ಅರ್ಧಕ್ಕರ್ಧ, ಯಾರಿಗೂ ಕಾಣದ ಜಾಗ. ಇವಳು ಬಟ್ಟೆ ನಿಲ್ಲಿಸಿ, ಎದ್ದು, ಅವನ ಮೇಜಿನ ಮೇಲೆ ಕೆಂಪು ದಾರ ಇಟ್ಟು ಹೇಳಿದಳು: "ಮೂರು ತಪ್ಪಿದೆ. ಎರಡು ಮಗ್ಗದ್ದು. ಒಂದು ನಿಮ್ಮದು."

"ನನ್ನದು ಅಂತ ಹೇಗೆ ಗೊತ್ತಾಯ್ತು?"

"ಮಗ್ಗ ತಪ್ಪು ಮಾಡೋ ಮುಂಚೆ ಒದ್ದಾಡುತ್ತೆ. ಪಕ್ಕದ ಎಳೆಗಳು ಬಿಗೀತವೆ, ಜುಂಗು ಏಳುತ್ತೆ, ಆಮೇಲೆ ಕಡಿಯುತ್ತೆ. ನಿಮ್ಮ ತಪ್ಪಿನ ಸುತ್ತ ಎಲ್ಲ ನೆಟ್ಟಗಿದೆ. ಅದೊಂದೇ ಒಂಟಿಯಾಗಿ ನಿಂತಿದೆ."

ವರ್ಷ ತಿರುಗುವುದರೊಳಗೆ ಆ ಮೇಸ್ತ್ರಿ ಅವಳನ್ನು ಮದುವೆಯಾದ. ಗಿರಣಿ ಪೂರ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ತಪ್ಪು ಇಡುವವನಿಗೂ ತಪ್ಪು ಹಿಡಿಯುವವಳಿಗೂ ಗಂಟು ಬಿತ್ತಲ್ಲ ಎಂದು. ಮದುವೆಯ ಮೇಲೂ ಅವನು ಅವಳ ಸುರುಳಿಗೆ ಬ್ಲೇಡು ಹಾಕುವುದನ್ನು ಬಿಡಲಿಲ್ಲ. ಅವಳೂ ಹಿಡಿಯುವುದನ್ನು ಬಿಡಲಿಲ್ಲ. ಬೇರೆ ಗಂಡಹೆಂಡಿರು ಹೂವು ಹಣ್ಣು ಕೊಟ್ಟುಕೊಂಡರೆ ಇವರು ಹಾಗೆ ಬಾಳಿದರು.

ಆಮೇಲೆ ಗಿರಣಿ ಮುಚ್ಚಿತು. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದಳು. ಮನೆಯಲ್ಲಿ ಇಬ್ಬರೇ. ಮೇಸ್ತ್ರಿಗೆ ಮೊದಲಿನಿಂದ ಚದುರಂಗದ ಹುಚ್ಚು. ಊಟದ ಕೋಣೆಯಲ್ಲಿ ಅವನನ್ನು ಸೋಲಿಸಿದವರಿರಲಿಲ್ಲ. ಹೊತ್ತು ಹೋಗಲೆಂದು ಹೆಂಡತಿಗೂ ನಡೆಗಳನ್ನು ಹೇಳಿಕೊಟ್ಟ. ಕಲಿಸಿದ ಮೇಲೆ ಒಂದು ಆಟವಾದರೂ ಬಿಟ್ಟುಕೊಟ್ಟನೇ? ಇಲ್ಲ. ಹತ್ತೇ ನಿಮಿಷಕ್ಕೆ ಅವಳ ರಾಜನನ್ನು ಮೂಲೆಗೆ ತಳ್ಳಿ, "ಕಟ್ಟು ಗಂಟುಮೂಟೆ" ಎಂದು ನಗುತ್ತಿದ್ದ. ಗೋಡೆಯ ಈಚೆ ನನಗೂ ಕೇಳಿಸುತ್ತಿತ್ತು. ತಿಂಗಳು ಎರಡು ತಿಂಗಳು ನೋಡಿದಳು. ಒಂದು ದಿನ, "ನಿಮ್ಮ ಜೊತೆ ಆಡೋದೂ ಒಂದೇ, ಗೋಡೆಗೆ ಹಣೆ ಚಚ್ಚಿಕೊಳ್ಳೋದೂ ಒಂದೇ" ಎಂದು ಕಾಯಿಗಳನ್ನು ಡಬ್ಬಿಗೆ ಸುರಿದು, ಮಗಳು ಕೊಟ್ಟಿದ್ದ ಫೋನಿನಲ್ಲಿ ಆಡತೊಡಗಿದಳು. ಫೋನಿನಲ್ಲಾದರೆ ಯಾವ ದೇಶದವರೋ ಎದುರಿಗೆ ಬಂದು ಕೂರುತ್ತಾರೆ. ಮುಖ ಕಾಣುವುದಿಲ್ಲ, ನಗು ಕೇಳುವುದಿಲ್ಲ.

ಅಲ್ಲಿ ಅವಳು ಗೆಲ್ಲತೊಡಗಿದಳು!

ಹೇಗೆ ಗೆದ್ದಳು ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಮಧ್ಯಾಹ್ನ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಆಡುವಾಗ ನಾನು ಪಕ್ಕದ ಮೆಟ್ಟಿಲಿನಿಂದ ಇಣುಕುತ್ತಿದ್ದೆ. ಒಬ್ಬ ಅವಳನ್ನು ಸುತ್ತುಗಟ್ಟಿ, ಇನ್ನೊಂದು ನಡೆಗೆ ಕಥೆ ಮುಗಿಯಿತು ಅನ್ನುವಾಗ, ಅವನ ಮನೆ ಬಾಗಿಲು ಯಾರು ಬಡಿದರೋ ಏನೋ, ಎದ್ದು ಹೋದವನು ಬರಲೇ ಇಲ್ಲ. ಹೊತ್ತು ಮೀರಿ ಇವಳಿಗೆ ಗೆಲುವು. ಇನ್ನೊಬ್ಬ ಆನೆಯನ್ನು ತಳ್ಳುವ ಬದಲು ಬೆರಳು ಜಾರಿ ಮಂತ್ರಿಯನ್ನು ತಂದು ಇವಳ ಕಾಲಾಳಿನ ಮೂಗಿನ ಕೆಳಗೆ ಇಟ್ಟ. ಮತ್ತೊಬ್ಬ ಗೆದ್ದೇಬಿಟ್ಟೆ ಎಂಬ ಮದದಲ್ಲಿ ತನ್ನ ರಾಜನ ಬೆನ್ನು ನೋಡಿಕೊಳ್ಳಲಿಲ್ಲ.

"ಇದೆಂಥ ಗೆಲುವಮ್ಮಾ? ಅದೃಷ್ಟ ಬಂದು ಮಡಿಲಲ್ಲಿ ಬಿತ್ತು" ಎಂದು ನಾನು ರೇಗಿಸುತ್ತಿದ್ದೆ.

"ಬೀಳೋದು ಎಲ್ಲರ ಮಡಿಲಿಗೂ ಬೀಳುತ್ತೆ ಅಣ್ಣಾ. ನೋಡೋರು ಬೇಕಲ್ಲ. ನಾನು ಗೆಲ್ಲಲ್ಲ, ಅವರು ಸೋಲ್ತಾರೆ. ಆ ಹೊತ್ತಿಗೆ ನಾನು ಅಲ್ಲಿ ಕಣ್ಣು ಬಿಟ್ಟುಕೊಂಡು ಕೂತಿರ್ತೀನಿ. ಅಷ್ಟೇ ನನ್ನ ಆಟ."

ಅದು ನಿಜವೇ. ಏರಿ ಹೋಗಿ ಹೊಡೆಯುವ ಆಟ ಅವಳಿಗೆ ಬರುತ್ತಿರಲಿಲ್ಲ. ಕಾಲಾಳುಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಬಾಗಿಲು ಭದ್ರಮಾಡಿ, ಎದುರಿನವನು ಎಡವುವುದನ್ನೇ ಕಾಯುತ್ತಿದ್ದಳು. ಎಡವಿದ್ದು ಮಾತ್ರ ಅವಳ ಕಣ್ಣು ತಪ್ಪುತ್ತಿರಲಿಲ್ಲ. ಗಾಜಿನ ಮೇಜು ಹೋದ ಮೇಲೆ ಆ ಕಣ್ಣಿಗೆ ಮತ್ತೊಮ್ಮೆ ಕೆಲಸ ಸಿಕ್ಕಿತ್ತು. ಮುಖದಲ್ಲಿ ಕಳೆ ಬಂದಿತ್ತು.

ಅದೃಷ್ಟ ಎಂದ ಮೇಲೆ ಅದಕ್ಕೂ ಸುಸ್ತಾಗುತ್ತದಲ್ಲ. ಹೋದ ವರ್ಷದ ಬೇಸಿಗೆಯಲ್ಲಿ ಒಂದೇ ವಾರ ಹದಿನೇಳು ಆಟ ಸೋತಳು. ಒಬ್ಬನೂ ಎಡವಲಿಲ್ಲ, ಒಬ್ಬನ ಬಾಗಿಲನ್ನೂ ಯಾರೂ ಬಡಿಯಲಿಲ್ಲ. ಫೋನನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು, "ಕಣ್ಣು ಹೋಯ್ತು ಅಣ್ಣಾ. ಎದುರಿನವರು ತಪ್ಪು ಮಾಡ್ತಿದ್ದಾರೋ ಏನೋ, ನನಗೇ ಕಾಣ್ತಿಲ್ಲ" ಎಂದಳು. ನಾಲ್ಕು ದಿನ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೇಸ್ತ್ರಿ ಒಳಗೂ ಹೊರಗೂ ಓಡಾಡಿದ. ಕೊನೆಗೆ ಅವನೇ ಫೋನು ತಂದು ಅವಳ ಕೈಗಿಟ್ಟು, "ಒಂದೇ ಒಂದು ಆಡು. ಸೋತರೆ ನಾನೇ ಬಾವಿಗೆ ಎಸೀತೀನಿ" ಎಂದ.

ಆಗ ಬಂದದ್ದು ಬೂದುಬೆಕ್ಕು.

ಹೆಸರಿನ ಜಾಗದಲ್ಲಿ ಏನೋ ಅಕ್ಷರ, ಏನೋ ಅಂಕಿ. ಪಕ್ಕದಲ್ಲಿ ಒಂದು ಬೂದುಬಣ್ಣದ ಬೆಕ್ಕಿನ ಚಿತ್ರ. ಕೆಳಗೆ ದೂರದ ಯಾವುದೋ ದೇಶದ ಬಾವುಟ. ಅವನೇ ಆಟಕ್ಕೆ ಕರೆದ. ಚೆನ್ನಾಗಿಯೇ ಆಡಿದ. ನಡುವೆ ಒಂದು ಕಡೆ ಕುದುರೆಯನ್ನು ಕಾವಲಿಲ್ಲದೆ ಬಿಟ್ಟ. ಇವಳು ಹೊಡೆದಳು, ಗೆದ್ದಳು. ಮಾರನೆಯ ದಿನ ಮೂರು ಗಂಟೆಗೆ ಮತ್ತೆ ಕರೆ. ಆಮೇಲೆ ದಿನವೂ ಮೂರು ಗಂಟೆಗೆ ಒಂದು ಆಟ. ಎರಡು ಸಲ ಅವನು ಗೆದ್ದರೆ ಐದು ಸಲ ಇವಳು. ಬೂದುಬೆಕ್ಕನ್ನು ಸೋಲಿಸಿದ ಹುರುಪಿನಲ್ಲಿ ಬೇರೆಯವರ ಜೊತೆಯೂ ಆಡಿ, ಅಲ್ಲೂ ಎಡವಿದವರನ್ನು ಹಿಡಿದಳು. ಅವಳ ಅಂಕ ಏರಿತು.

ಆಟ ಮುಗಿಸಿ ಹಜಾರಕ್ಕೆ ಬಂದು ಗಂಡನಿಗೆ ವರದಿ ಒಪ್ಪಿಸುತ್ತಿದ್ದಳು. ಅವನು ಹಳೆಯ ಬೆತ್ತದ ಕುರ್ಚಿಯಲ್ಲಿ ಒರಗಿ, ಫೋನಿನಲ್ಲಿ ಸುದ್ದಿ ನೋಡುತ್ತಿರುವವನ ಹಾಗೆ ತಲೆ ಎತ್ತುತ್ತಿದ್ದ.

"ಇವತ್ತೂ ಬೂದುಬೆಕ್ಕು ಆನೆ ಕೊಟ್ಟ ರೀ."

"ಕೊಟ್ಟನಾ? ಎಂಥ ಪೆದ್ದ ಕಣೇ ಅವನು."

"ಪೆದ್ದ ಅಲ್ಲ ರೀ. ಶುರುವಿನಲ್ಲಿ ಎಷ್ಟು ಚೆನ್ನಾಗಿ ಆಡ್ತಾನೆ ಗೊತ್ತಾ. ನಡುವೆ ಮೈಮರೀತಾನೆ ಪಾಪ."

"ಮನೇಲಿ ಹೆಂಡತಿ ಕಾಟ ಇರಬೇಕು ಬಿಡು."

ಇಬ್ಬರೂ ನಗುತ್ತಿದ್ದರು. ಗೋಡೆಯ ಈಚೆ ನಾನೂ ನಕ್ಕಿದ್ದೇನೆ. ಒಂದೂವರೆ ವರ್ಷ ಹೀಗೆ ನಡೆಯಿತು.

ಒಂದು ದಿನ ಮೂರು ಗಂಟೆಗೆ ಮೇಸ್ತ್ರಿ ಹಲ್ಲಿನ ಡಾಕ್ಟರ ಬಳಿ ಹೋಗಿದ್ದ. ಬೂದುಬೆಕ್ಕಿನ ಕರೆ ಬರಲಿಲ್ಲ. ಹೊತ್ತು ಹೋಗದೆ ಅವಳು ಫೋನಿನಲ್ಲಿ ಉಳಿದಿದ್ದ ಹಳೆಯ ಆಟಗಳನ್ನು ಒಂದೊಂದಾಗಿ ಬಿಚ್ಚಿ ನೋಡತೊಡಗಿದಳು. ಮೊದಲನೆಯದು, ಹತ್ತನೆಯದು, ಮೂವತ್ತನೆಯದು. ಸುರುಳಿ ಬಿಚ್ಚಿದ ಹಾಗೆ ನಡೆಗಳು ಕಣ್ಣೆದುರು ಹರಿದವು. ಎಲ್ಲೋ ಒಂದು ಕಡೆ ಅವಳ ಕಾಲು ತಾನಾಗಿ ನೆಲ ಒತ್ತಿತಂತೆ. ಗಾಜಿನ ಮೇಜಿನ ಕೆಳಗೆ ಬಟ್ಟೆ ನಿಲ್ಲಿಸುವ ಪೆಡಲು ಒತ್ತಿದ ಹಾಗೆ. ಇದನ್ನು ಅವಳೇ ನನಗೆ ಹೇಳಿದ್ದು.

ಬೇರೆಯವರ ತಪ್ಪಿಗೆ ಮುಂಚೆ ಒದ್ದಾಟ ಇರುತ್ತಿತ್ತು. ಬಿಕ್ಕಟ್ಟಿಗೆ ಸಿಕ್ಕಿ, ಅತ್ತ ಇತ್ತ ತಡಕಾಡಿ, ಒಂದು ಕೆಟ್ಟ ನಡೆ, ಅದನ್ನು ಮುಚ್ಚಲು ಇನ್ನೊಂದು ಕೆಟ್ಟ ನಡೆ, ಆಮೇಲೆ ದೊಡ್ಡ ತಪ್ಪು. ಬೂದುಬೆಕ್ಕು ಬಿಕ್ಕಟ್ಟಿನಲ್ಲಿ ಒಮ್ಮೆಯೂ ಎಡವಿರಲಿಲ್ಲ. ಯಾರೂ ಒತ್ತದೆ ಇರುವಾಗ, ಎಲ್ಲ ಕಾಯಿಗಳೂ ನೆಟ್ಟಗಿರುವಾಗ, ಆಟ ಮೂರರಲ್ಲಿ ಒಂದು ಪಾಲು ಸರಿದ ಮೇಲೆ, ಒಂದೇ ಒಂದು ತಪ್ಪು. ಅದರ ಹಿಂದೆ ಮುಂದೆ ಎಲ್ಲ ಚೊಕ್ಕ.

ಮೇಸ್ತ್ರಿಯ ಬ್ಲೇಡು ಯಾವಾಗಲೂ ಸುರುಳಿಯ ಮೂರರಲ್ಲಿ ಒಂದು ಪಾಲು ಸರಿದ ಮೇಲೇ ಬೀಳುತ್ತಿತ್ತು. ನೋಡುವವರು ಆಗಷ್ಟೇ ನಿರಾಳವಾಗಿರುತ್ತಾರೆ ಎಂದು.

ಮಾರನೆಯ ದಿನ ಮೂರು ಗಂಟೆಗೆ ಕರೆ ಬಂತು. ಅವಳು ಹನ್ನೆರಡು ನಡೆ ಆಡಿದಳು. ಹದಿಮೂರನೆಯದಕ್ಕೆ ಬೂದುಬೆಕ್ಕು ಬಹಳ ಹೊತ್ತು ಯೋಚಿಸಿತು. ಅವಳು ಫೋನು ಕೈಯಲ್ಲೇ ಹಿಡಿದು ಎದ್ದು, ಅಡುಗೆಮನೆ ದಾಟಿ, ಬರಿಗಾಲಲ್ಲಿ ಹಜಾರಕ್ಕೆ ಬಂದು ಬೆತ್ತದ ಕುರ್ಚಿಯ ಹಿಂದೆ ನಿಂತಳು. ಅವನ ಫೋನಿನಲ್ಲಿ ಅವಳದೇ ಆಟ ತಲೆಕೆಳಗಾಗಿ ಕಾಣುತ್ತಿತ್ತು. ಅವನು ಒಂಟೆಯನ್ನು ಒಂದು ಮನೆಯ ಮೇಲೆ ತಂದು, ಇಡದೆ, ಇನ್ನೊಂದು ಮನೆಗೆ ಸರಿಸಿ, ತನ್ನಷ್ಟಕ್ಕೆ ತಾನೇ ಗೊಣಗುತ್ತಿದ್ದ: "ಅಲ್ಲಿಟ್ರೆ ಕಾಣ್ಸಲ್ಲ ಅವಳಿಗೆ... ಇಲ್ಲಿಟ್ರೆ ಕಾಣ್ಸುತ್ತಾ?"

"ಕಾಣ್ಸುತ್ತೆ ರೀ. ಇಡಿ" ಎಂದಳು.

ಅವನ ಕೈಯಿಂದ ಫೋನು ಜಾರಿ ನೆಲಕ್ಕೆ ಬಿತ್ತು. ಕೂಗಾಟವಿಲ್ಲ, ಅಳುವಿಲ್ಲ. ಅದಕ್ಕೇ ನನಗೆ ಗೋಡೆಯ ಈಚೆ ಏನೂ ತಿಳಿಯಲಿಲ್ಲ. ಐದು ನಿಮಿಷದ ಮೇಲೆ ಅವಳು ನನ್ನ ಬಾಗಿಲಲ್ಲಿ ನಿಂತು, "ಅಣ್ಣಾ, ಒಂದ್ಸಲ ಬನ್ನಿ. ನಾನು ಒಂದು ಮಾತು ಕೇಳಬೇಕು. ಕೇಳೋವಾಗ ಇನ್ನೊಬ್ಬರು ಇರಲಿ" ಎಂದಳು. ನಾನು ಚಪ್ಪಲಿಯನ್ನೂ ಮೆಟ್ಟದೆ ಅವಳ ಹಿಂದೆ ಹೋದೆ.

ಮೇಸ್ತ್ರಿ ಕುರ್ಚಿಯ ತುದಿಯಲ್ಲಿ ಮುದುಡಿ ಕೂತಿದ್ದ. ಮೀಸೆ ಈಗ ಪೂರಾ ಬೆಳ್ಳಗೆ.

"ನೀನು ನಾಲ್ಕು ದಿನ ಮಾತೇ ಆಡಲಿಲ್ಲ ಕಣೇ" ಎಂದ. "ಕಣ್ಣು ಹೋಯ್ತು ಅಂದೆ. ನನ್ನ ಕೈಲಿ ನೋಡೋಕೆ ಆಗಲಿಲ್ಲ. ಒಂದು ವಾರ ಆಡಿ ನಿಲ್ಲಿಸೋಣ ಅಂದ್ಕೊಂಡೆ. ನೀನು ನಗೋದು ನೋಡಿ ನಿಲ್ಲಿಸೋಕೆ ಆಗಲಿಲ್ಲ."

"ಅದಿರಲಿ" ಎಂದಳು. "ಗಿರಣೀಲೂ ಹೀಗೇನಾ?"

"ಏನು ಹೀಗೆ?"

"ಕಳ್ಳ ಎಳೆ. ನನ್ನ ಸುರುಳಿಗೆ ಇಡೋವಾಗ, ಇವಳಿಗೆ ಕಾಣ್ಸೋ ಕಡೆ ಇಡ್ತಿದ್ರಾ?"

ಅವನು ಎದ್ದೇ ನಿಂತ. "ಥೂ! ಏನು ಮಾತು ಆಡ್ತೀಯೇ? ಅದಕ್ಕೂ ಇದಕ್ಕೂ ಸಂಬಂಧ ಏನು? ಅದು ಕೆಲಸ. ಬೇಕಾದ್ರೆ ಆಣೆ ಮಾಡ್ತೀನಿ."

"ಒಂದೂವರೆ ವರ್ಷ ದಿನಾ ನನ್ನ ಮುಖ ನೋಡ್ಕೊಂಡು ‘ಎಂಥ ಪೆದ್ದ ಕಣೇ ಅವನು’ ಅಂದ್ರಲ್ಲ. ಅದೇ ಬಾಯಿಂದ ಆಣೆನಾ?"

ಅವನು ಮತ್ತೆ ಕುರ್ಚಿಯಲ್ಲಿ ಕೂತ.

"ಸೋತಿದ್ದರೆ ಸೋತೆ ಅಂತ ಇರ್ತಿದ್ದೆ ರೀ. ಹದಿನೇಳಲ್ಲ, ನೂರಾ ಎಪ್ಪತ್ತು ಸೋತಿದ್ರೂ ಇಪ್ಪತ್ತಾರು ವರ್ಷದ ಕಣ್ಣು ನಂದು ಅಂತ ಇತ್ತು. ಈಗ ಅದು ನಂದೋ ನೀವು ಕೊಟ್ಟಿದ್ದೋ, ಹೇಗೆ ತಿಳ್ಕೊಳ್ಳಲಿ?"

ಕಳ್ಳ ಎಳೆ ಎಲ್ಲಿಟ್ಟದ್ದು ಎಂದು ಬರೆದಿಡುತ್ತಿದ್ದ ಗಿರಣಿಯ ತಪಾಸಣೆ ಪುಸ್ತಕಗಳೆಲ್ಲ ಬೀಗ ಬಿದ್ದ ವರ್ಷವೇ ರದ್ದಿಗೆ ಹೋಗಿದ್ದವು. ತೋರಿಸುವುದಕ್ಕೆ ಒಂದು ಹಾಳೆಯೂ ಇಲ್ಲ. ಅವಳು ಒಳಗೆ ಹೋಗಿ ಒಲೆ ಹಚ್ಚಿದಳು.

ಮೂರು ದಿನ ಬಿಟ್ಟು ಬೆಳಿಗ್ಗೆ ಮೇಸ್ತ್ರಿ ನನ್ನ ಬಳಿ ಬಂದ. ಗಡ್ಡ ಕೆರೆದಿರಲಿಲ್ಲ. "ನಿನಗೆ ಗೊತ್ತಲ್ಲ ಮಾರಾಯ. ನೀನೇ ನೋಡಿದ್ದೀಯಲ್ಲ. ಒಂದು ಮಾತು ಹೇಳು ಅವಳಿಗೆ."

ನನಗೆ ಗೊತ್ತಿತ್ತು. ಒಂದು ಸಲ ಅವಳಿಗೆ ಮೈ ಸುಡುವ ಜ್ವರ. ರಜೆ ಕೇಳದೆ ಬಂದು ಮೇಜಿನ ಮುಂದೆ ಕೂತಿದ್ದಳು. ಮೇಸ್ತ್ರಿ ಹಿಂದಿನ ಕೋಣೆಯಲ್ಲಿ ಅವಳ ಸುರುಳಿಗೆ ಬ್ಲೇಡು ಹಾಕುತ್ತಿದ್ದ. ಮಗ್ಗಕ್ಕೆ ಹೊಸ ಪಟ್ಟಿ ತರಲು ಅಲ್ಲಿಗೆ ಹೋದ ನಾನು ಕಂಡು, "ಇವತ್ತು ಒಂದು ದಿನ ಬಿಟ್ಟುಬಿಡೋ, ಕಣ್ಣು ಕೆಂಡ ಆಗಿದೆ ಅವಳದು" ಎಂದು ಕೈ ಹಿಡಿದೆ. ಅವನು ಕೈ ಕೊಡವಿ, "ಬಿಟ್ಟುಕೊಟ್ಟರೆ ಅವಳ ಮರ್ಯಾದೆ ಏನಾಗುತ್ತೆ?" ಎಂದು ಎಂದಿಗಿಂತ ಕಷ್ಟದ ಜಾಗದಲ್ಲಿ, ಕಪ್ಪು ಪಟ್ಟೆಯ ನಡುವೆ ಕಪ್ಪು ಎಳೆ ತೆಗೆದಿಟ್ಟ. ಅವಳು ಹಿಡಿದಳು. ಆ ದಿನ ಅವನು ಊಟದ ಕೋಣೆಯಲ್ಲಿ ಎದೆ ಉಬ್ಬಿಸಿ ಕೂತಿದ್ದನ್ನು ನಾನು ಹೇಗೆ ಮರೆಯಲಿ? ಅವಳ ಕಣ್ಣು ಅವಳದೇ. ಅದರಲ್ಲಿ ಯಾರ ದಾನವೂ ಇರಲಿಲ್ಲ. ಇದು ನಾನು ಸಾಯುವ ತನಕ ಹೇಳುವ ಮಾತು.

ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದವಳಿಗೆ ಇದನ್ನೆಲ್ಲ ಹೇಳಿದೆ. ಜ್ವರ, ಕಪ್ಪು ಪಟ್ಟೆ, ಅವನಾಡಿದ ಮಾತು, ಒಂದನ್ನೂ ಬಿಡದೆ. ಅವಳು ಕೊನೆಯವರೆಗೂ ಕೇಳಿದಳು. ಹಿಂಡಿದ ಚಾದರವನ್ನು ಹೆಗಲ ಮೇಲೆ ಹಾಕಿಕೊಂಡು ಕೇಳಿದಳು:

"ಇಷ್ಟು ವರ್ಷ ಹೇಳದೆ ಇದ್ದಿದ್ದು ಈಗ ಯಾಕೆ ನೆನಪಾಯ್ತು ಅಣ್ಣಾ? ಅವರು ಕಳಿಸಿದ್ರಾ?"

ಸುಳ್ಳು ಹೇಳಬಹುದಿತ್ತು. ಆ ಮನೆಯಲ್ಲಿ ಒಂದು ಸುಳ್ಳಿನಿಂದ ಆದದ್ದೇ ಸಾಕಿತ್ತು. "ಹೌದಮ್ಮಾ, ಬೆಳಿಗ್ಗೆ ಬಂದು ಕೇಳ್ಕೊಂಡ. ಆದರೆ ಹೇಳಿದ್ದು ನಿಜ" ಎಂದೆ.

"ನೋಡಿ ಮತ್ತೆ" ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಸುಳ್ಳಾದ್ರೂ ನೀವು ಹೀಗೇ ಹೇಳ್ತಿದ್ರಿ. ನೀವೂ ಅವರೂ ಸೇರಿ ನನ್ನ ಮನಸ್ಸು ನೋಯಬಾರದು ಅಂತ ಹೊರಟಿದ್ದೀರಿ. ಒಬ್ಬರಾದ್ರೂ ನೋಯಲಿ ಅಂತ ಬಿಟ್ಟಿದ್ರೆ ಚೆನ್ನಾಗಿತ್ತು."

ನಿಜವನ್ನೇ ಹೇಳಿ ಸುಳ್ಳುಗಾರನಾದದ್ದು ಅದೇ ಮೊದಲು.

ಈಗ ಅವರ ಮನೆಯಲ್ಲಿ ಮಾತಿದೆ. ಅಡುಗೆ ಆಗುತ್ತದೆ, ಇಬ್ಬರೂ ಎದುರುಬದುರು ಕೂತು ಉಣ್ಣುತ್ತಾರೆ. ಮೇಸ್ತ್ರಿ ಒಂದು ದಿನ ಮರದ ಮಣೆ ತೆಗೆದು ಧೂಳು ಒರೆಸಿ, "ಬಾ, ಎದುರಿಗೇ ಆಡೋಣ. ಒಂದು ಕಾಲಾಳನ್ನೂ ಬಿಟ್ಟುಕೊಡಲ್ಲ" ಎಂದು ಕರೆದ. ಬಂದು ಆಡಿದಳು. ಅವನು ಹತ್ತು ನಿಮಿಷಕ್ಕೆ ಸೋಲಿಸಿದ. "ನೋಡ್ದೆಯಾ? ಈಗ ನಿಜವಾಗಿ ಆಡಿದೆ" ಎಂದ. "ಆಡಿದ್ರಿ. ನಿಜವಾಗಿ ಆಡ್ತೀನಿ ಅಂತ ತೋರಿಸೋಕೆ ಆಡಿದ್ರಿ" ಎಂದು ಎದ್ದು ಹೋದಳು. ಮಣೆ ಎರಡು ದಿನ ಹಜಾರದಲ್ಲಿ ಹಾಗೇ ಬಿದ್ದಿತ್ತು.

ಮೊನ್ನೆ ಮಧ್ಯಾಹ್ನ ಅವಳು ಹಿತ್ತಿಲ ಮೆಟ್ಟಿಲ ಮೇಲೆ ಫೋನು ಹಿಡಿದು ಕೂತಿದ್ದನ್ನು ಕಂಡು ನನಗೆ ಸಂತೋಷವಾಯಿತು. ನನ್ನ ಮೆಟ್ಟಿಲಿಗೆ ಬಂದು ಕೂತೆ. ಎದುರಾಳಿ ಯಾರೋ ಹೊಸಬ. ಬೆಕ್ಕೂ ಇಲ್ಲ, ನಾಯಿಯೂ ಇಲ್ಲ, ಬರೀ ಖಾಲಿ ವೃತ್ತ. ಚುರುಕು ಆಸಾಮಿ. ಇವಳ ಕಾಲಾಳುಗಳ ಸಾಲನ್ನು ಒಡೆಯಲು ಹೋಗಿ ತಾನೇ ಸಿಕ್ಕಿಕೊಂಡ. ಕುದುರೆಯನ್ನು ಮುಂದೆ ತಂದ, ಹಿಂದಕ್ಕೆ ಒಯ್ದ. ಬಿಕ್ಕಟ್ಟಿನಲ್ಲಿ ಬಿದ್ದವನ ಒದ್ದಾಟ ನನ್ನಂಥವನಿಗೂ ಕಾಣುತ್ತಿತ್ತು. ಆಮೇಲೆ ಮಂತ್ರಿಯನ್ನು ತಂದು ಇವಳ ಒಂಟೆಯ ದಾರಿಯಲ್ಲಿ ಇಟ್ಟ. ಕಾವಲಿಗೆ ಒಂದು ನರಪಿಳ್ಳೆಯೂ ಇಲ್ಲ.

"ತಗೋಮ್ಮಾ!" ಎಂದೆ. ತಡೆಯಲಾಗಲಿಲ್ಲ.

ಅವಳ ಹೆಬ್ಬೆರಳು ಒಂಟೆಯ ಮೇಲೆ ಬಂತು. ಅಲ್ಲೇ ನಿಂತಿತು. ಕೆಳಗೆ ಗಡಿಯಾರದ ಅಂಕಿ ಇಳಿಯುತ್ತಿತ್ತು. ಅವಳು ಕತ್ತು ತಿರುಗಿಸಿ ಮನೆಯೊಳಗೆ ನೋಡಿದಳು. ಮೇಸ್ತ್ರಿ ಅಡುಗೆಮನೆಯಲ್ಲಿ ಕೊಡದಿಂದ ನೀರು ಬಗ್ಗಿಸಿಕೊಳ್ಳುತ್ತಿದ್ದ. ಅವನ ಫೋನು ಅಲ್ಲೇ ಕಟ್ಟೆಯ ಮೇಲೆ ಮಗುಚಿ ಬಿದ್ದಿತ್ತು.

"ಅವನಲ್ಲಮ್ಮಾ. ಇದು ನಿಜವಾದ ತಪ್ಪು. ಸುತ್ತ ಎಷ್ಟು ಒದ್ದಾಡಿದ್ದಾನೆ ನೋಡು, ನೀನೇ ಹೇಳ್ತಿದ್ದೆಯಲ್ಲ."

"ಒದ್ದಾಡಿದ ಹಾಗೆ ಮಾಡೋದೂ ಕಲಿತಿರಬಹುದು ಅಣ್ಣಾ" ಎಂದಳು. "ಯಾರು ಇಟ್ಟಿದ್ದೋ ಏನೋ."

ಮೂಲೆಯ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿದಳು. ಆಚೆಯವನು ಬೆಚ್ಚಿರಬೇಕು, ಮರುಕ್ಷಣವೇ ಮಂತ್ರಿಯನ್ನು ಹಿಂದಕ್ಕೆ ಎಳೆದುಕೊಂಡ.